ಬೀಡಿ ನೂಲಿನ ಒಂಬತ್ತು ಕಟ್ಟು

ಅಕ್ಕ ತೀರಿಕೊಂಡು ಐದು ತಿಂಗಳಾಗಿತ್ತು. ಶಾಲೆಯ ಅಡುಗೆಕೋಣೆಯಲ್ಲಿ ಮಕ್ಕಳ ಊಟ ಮುಗಿದು, ನಾನು ಅನ್ನದ ಪಾತ್ರೆ ತೊಳೆದು ಕವುಚಿ ಹಾಕುತ್ತಿದ್ದಾಗ ಅಕ್ಕ ಕೆಲಸ ಮಾಡುತ್ತಿದ್ದ ಕಡೆಯಿಂದ ಫೋನು ಬಂತು. ಘಟ್ಟದ ಮೇಲಿನ ಬಯಲಿನಲ್ಲಿ ಒಂದು ದೊಡ್ಡ ರೇಡಿಯೋ ಟೆಲಿಸ್ಕೋಪ್ ಇದೆ. ಅಕ್ಕ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಅದರ ರಿಸೀವರ್ ವಿಭಾಗದಲ್ಲಿ ಟೆಕ್ನಿಷಿಯನ್ ಆಗಿದ್ದಳು. ಫೋನು ಮಾಡಿದ್ದು ಅದೇ ವಿಭಾಗದ ಇಂಜಿನಿಯರ್. ಹಾಸನದ ಕಡೆಯವಳು, ಅಕ್ಕನ ಹತ್ತಿರ ಕೈಕೆಲಸ ಕಲಿತವಳು. ಅಕ್ಕನ ಕಾಯಿಲೆಯ ಕಾಲದಲ್ಲಿ ಆಗಾಗ ಫೋನು ಮಾಡುತ್ತಿದ್ದುದರಿಂದ ಅವಳ ಸ್ವರ ನನಗೆ ಗುರುತಿತ್ತು.

ಅಕ್ಕ ಜೋಡಿಸಿದ್ದ ರಿಸೀವರ್ ಪೆಟ್ಟಿಗೆಯನ್ನು ಟೆಲಿಸ್ಕೋಪಿನಿಂದ ಕೆಳಗೆ ಇಳಿಸಿದ್ದೇವೆ ಎಂದಳು. ಒಳಗೆ ಒಂದು ಭಾಗ ಕೆಟ್ಟಿದೆಯಂತೆ. ಅದನ್ನು ಹೊರಗೆ ತೆಗೆಯಬೇಕಾದರೆ ಅದರ ಮೇಲೆ ಹಾದುಹೋಗುವ ತಂತಿಗಳನ್ನು ಬಿಡಿಸಬೇಕು. ತಂತಿಗಳನ್ನೆಲ್ಲ ಅಕ್ಕ ನೂಲಿನಿಂದ ಒಂಬತ್ತು ಕಡೆ ಕಟ್ಟಿದ್ದಾಳೆ, ಯಾವ ಕಟ್ಟಿಗೂ ಗಂಟು ಕಾಣುವುದಿಲ್ಲ, ಇದೊಂದನ್ನು ಮಾತ್ರ ಅವರು ನಮಗೆ ಕಲಿಸಲಿಲ್ಲ ಎಂದಳು.

“ಬಿಚ್ಚೋದು ಹೇಗೆ ಅಂತ ನಿಮಗೇನಾದ್ರೂ ಗೊತ್ತಾ?”

“ಇಲ್ಲ, ನನಗೆ ಅದೆಲ್ಲ ಗೊತ್ತಿಲ್ಲ” ಎಂದೆ.

ನನಗೆ ಗೊತ್ತಿತ್ತು. ಬದುಕಿರುವವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ನಾವು ಚಿಕ್ಕವರಿದ್ದಾಗ ನಮ್ಮೂರು ಕುಂಜತ್ತೂರಿನಲ್ಲಿ ಎಷ್ಟೋ ಮನೆಗಳ ಜಗಲಿಯಲ್ಲಿ ಹೆಂಗಸರು ಬೀಡಿ ಕಟ್ಟುತ್ತಿದ್ದರು. ನಮ್ಮ ಮನೆಯಲ್ಲಿ ಅಮ್ಮ, ಅಕ್ಕ ಮತ್ತು ನಾನು. ಪಕ್ಕದ ಬ್ಯಾರಿಗಳ ಮನೆಯ ಹುಡುಗಿಯೂ ತನ್ನ ಗೆರಸೆ ಎತ್ತಿಕೊಂಡು ನಮ್ಮ ಜಗಲಿಗೇ ಬಂದು ಕೂರುತ್ತಿದ್ದಳು. ಒಬ್ಬಳೇ ಕಟ್ಟಿದರೆ ಕೈ ಓಡುವುದಿಲ್ಲ ಎನ್ನುತ್ತಿದ್ದಳು. ಎಲೆಗೆ ನೀರು ಚಿಮುಕಿಸಿ ಮೆದುಮಾಡಿ, ತಗಡಿನ ಅಳತೆ ಇಟ್ಟು ಕತ್ತರಿಸಿ, ಹೊಗೆಸೊಪ್ಪಿನ ಪುಡಿ ಹಾಕಿ ಸುರುಳಿ ಸುತ್ತಿ, ತುದಿ ಮಡಚಿ, ಕೊನೆಗೆ ನೂಲು. ನೂಲು ಸುತ್ತುವುದರಲ್ಲಿ ಒಬ್ಬೊಬ್ಬರದು ಒಂದೊಂದು ಕ್ರಮ. ಅಮ್ಮನ ಕ್ರಮ ಬೇರೆ ಯಾರಲ್ಲಿಯೂ ನಾನು ನೋಡಿಲ್ಲ. ಮೂರು ಸುತ್ತು ಹಾಕಿ, ನೂಲಿನ ಬಾಲವನ್ನು ಮೊದಲ ಸುತ್ತಿನ ಅಡಿಯಿಂದ ಹಿಂದಕ್ಕೆ ತೂರಿಸಿ, ಕಂಡೂ ಕಾಣದಷ್ಟು ಬಿಟ್ಟು ಕತ್ತರಿಸುತ್ತಿದ್ದಳು. ಗಂಟು ಇಲ್ಲ. ಆದರೆ ಆ ಬಾಲವನ್ನು ಉಗುರಿನಿಂದ ಎತ್ತಿ ಬಲಕ್ಕೆ ಎಳೆದರೆ ಇಡೀ ಕಟ್ಟು ಒಮ್ಮೆಗೇ ಸಡಿಲವಾಗುತ್ತಿತ್ತು. ಸಂಜೆ ಬೀಡಿ ಕೊಡಲು ಕಂಪೆನಿಯ ಬ್ರಾಂಚಿಗೆ ಹೋಗುವ ಮೊದಲು ಅಮ್ಮ ಒಂದೊಂದನ್ನೇ ಬೆರಳಲ್ಲಿ ಒತ್ತಿ ನೋಡಿ, ಪೊಳ್ಳಾದದ್ದನ್ನು ಬಿಚ್ಚಿ ನಮ್ಮಿಂದ ಮತ್ತೆ ಕಟ್ಟಿಸುತ್ತಿದ್ದಳು. ಎಲೆಯೂ ಹರಿಯಬಾರದು, ನೂಲೂ ಹಾಳಾಗಬಾರದು. ಅದಕ್ಕೆ ಈ ಉಪಾಯ.

ಅಕ್ಕನಿಗೆ ಅದು ಎರಡೇ ದಿನದಲ್ಲಿ ಬಂತು. ನಾನು ಎಡಗೈಯವಳು. ನನ್ನ ಸುತ್ತು ತಿರುಗಾಮುರುಗಾ ಬೀಳುತ್ತಿತ್ತು, ಅಮ್ಮ ಬಾಲ ಎಳೆದರೆ ಬಿಚ್ಚುವ ಬದಲು ಬಿಗಿಯುತ್ತಿತ್ತು. ಅಮ್ಮ ಬೈಯುತ್ತಿರಲಿಲ್ಲ, ನನ್ನ ಬೀಡಿಗಳನ್ನು ಬೇರೆಯೇ ರಾಶಿ ಹಾಕುತ್ತಿದ್ದಳು. ಪಕ್ಕದ ಮನೆಯವಳು ಮಾತ್ರ, “ನಿನ್ನ ಬೀಡಿ ಎಳೆದವನಿಗೆ ಹೊಗೆ ಕಿವಿಯಲ್ಲಿ ಬರ್ತದೆ ನೋಡು” ಎಂದು ನಗುತ್ತಿದ್ದಳು. ಅಕ್ಕ ತಲೆ ಎತ್ತುತ್ತಲೇ ಇರಲಿಲ್ಲ. ಅವಳ ಮಂಡಿಯ ಹತ್ತಿರ ಯಾವಾಗಲೂ ಒಂದು ಪುಸ್ತಕ ತೆರೆದಿರುತ್ತಿತ್ತು. ಹತ್ತನೆಯ ಕ್ಲಾಸು ಮುಗಿಯುವಷ್ಟರಲ್ಲಿ ನಾನೂ ಬಲಗೈಯಲ್ಲಿ ಅಮ್ಮನ ಹಾಗೆ ಕಟ್ಟಲು ಕಲಿತೆ. ಆಮೇಲೆ ಅದೇ ರೂಢಿಯಾಗಿ, ಹಿಂದೆ ಹೇಗೆ ಕಟ್ಟುತ್ತಿದ್ದೆನೆಂಬುದು ಮರೆತೂಹೋಯಿತು.

ನನ್ನ ಓದು ಅಲ್ಲಿಗೆ ನಿಂತಿತು. ಅಕ್ಕ ಪಾಲಿಟೆಕ್ನಿಕ್ ಮುಗಿಸಿ, ಅರ್ಜಿ ಹಾಕಿ, ಎರಡು ರೈಲು ಬದಲಿಸಿ ಆ ಬಯಲಿಗೆ ಹೋದಳು. ನಮ್ಮಿಬ್ಬರಿಗೂ ಮದುವೆ ಆಗಲಿಲ್ಲ. ಕಾರಣಗಳು ಬೇರೆ ಬೇರೆ, ಈಗ ಹೇಳಿ ಪ್ರಯೋಜನವಿಲ್ಲ. ಅಮ್ಮ ಹೋದ ಮೇಲೆ ಮನೆಯಲ್ಲಿ ನಾನೊಬ್ಬಳೇ. ಅಕ್ಕ ಭಾನುವಾರ ಫೋನು ಮಾಡುತ್ತಿದ್ದಳು. ಶಾಲೆಯಲ್ಲಿ ಎಂತ ಸಾಂಬಾರು ಎಂದು ಕೇಳುತ್ತಿದ್ದಳು, ಹೇಳುತ್ತಿದ್ದೆ. ಅಲ್ಲಿ ಮಳೆ ಬಂತಾ ಎಂದು ನಾನು ಕೇಳುತ್ತಿದ್ದೆ. ಅಷ್ಟರಲ್ಲಿ ಮಾತು ಮುಗಿಯುತ್ತಿತ್ತು. ಅಕ್ಕ ನನ್ನನ್ನು ಯಾವತ್ತಾದರೂ ಸರಿಯಾಗಿ ನೋಡಿದ್ದಾಳೆಂದು ನನಗೆ ಅನಿಸಿದ್ದಿಲ್ಲ. ಇದು ದೂರು ಅಲ್ಲ. ಅವಳ ಕಣ್ಣು ಯಾವಾಗಲೂ ಬೇರೆ ಕೆಲಸದಲ್ಲಿ ಇರುತ್ತಿತ್ತು.

ಆ ಕೆಲಸ ಎಂತದ್ದೆಂದು ರಜೆಗೆ ಬಂದಾಗ ಹೇಳುತ್ತಿದ್ದಳು. ಕೇಳಿದರೆ ಮಾತ್ರ. ಟೆಲಿಸ್ಕೋಪಿನ ಬಟ್ಟಲು ನಮ್ಮ ಶಾಲೆಯ ಮೈದಾನಕ್ಕಿಂತ ದೊಡ್ಡದು, ಆಕಾಶದಿಂದ ಬರುವ ಅಲೆಗಳನ್ನೆಲ್ಲ ಒಂದು ಕಡೆಗೆ ಸೇರಿಸುವುದಷ್ಟೇ ಅದರ ಕೆಲಸ ಎನ್ನುತ್ತಿದ್ದಳು. ಹಾಗೆ ಸೇರುವ ಜಾಗದಲ್ಲಿ ರಿಸೀವರ್ ಪೆಟ್ಟಿಗೆ ತೂಗಿಸಿರುತ್ತಾರೆ. ಬರುವ ಅಲೆ ಎಷ್ಟು ಸಣ್ಣದೆಂದರೆ ಮೊದಲು ಅದನ್ನು ದೊಡ್ಡದು ಮಾಡಬೇಕು. ಆದರೆ ದೊಡ್ಡದು ಮಾಡುವ ಭಾಗ ತನ್ನ ಬಿಸಿಯಿಂದ ತಾನೇ ಸದ್ದು ಮಾಡುತ್ತದೆ, ಆ ಸದ್ದಿನ ಅಡಿಯಲ್ಲಿ ನಕ್ಷತ್ರದ್ದು ಮುಚ್ಚಿಹೋಗುತ್ತದೆ. ಆದ್ದರಿಂದ ಅದನ್ನು ಗಾಳಿ ತೆಗೆದ ಒಂದು ಲೋಹದ ಪಾತ್ರೆಯೊಳಗೆ ಇಟ್ಟು, ಮಂಜುಗಡ್ಡೆಗಿಂತ ಎಷ್ಟೋ ಪಾಲು ಹೆಚ್ಚು ತಣ್ಣಗೆ ಮಾಡುತ್ತಾರೆ. ಒಳಗೆ ಹೋಗುವ ತಂತಿಗಳು ಕೂದಲಿನಷ್ಟು ತೆಳು. ದಪ್ಪ ತಂತಿಯಾದರೆ ಹೊರಗಿನ ಬಿಸಿ ಅದರಲ್ಲೇ ಹರಿದು ಒಳಗೆ ಹೋಗುತ್ತದೆ. ಪೆಟ್ಟಿಗೆಯಲ್ಲಿ ಎರಡು ದಾರಿ ಇರುತ್ತವೆ. ಅಲೆ ಮೇಲೆ ಕೆಳಗೆ ಆಡುವುದನ್ನು ಒಂದು ಹಿಡಿಯುತ್ತದೆ, ಅಡ್ಡಕ್ಕೆ ಆಡುವುದನ್ನು ಇನ್ನೊಂದು.

ಆ ಚಳಿಯಲ್ಲಿ ಪ್ಲಾಸ್ಟಿಕ್ ಪಟ್ಟಿ ಹಾಕಿ ತಂತಿ ಕಟ್ಟಿದರೆ ಪಟ್ಟಿ ಸೀಳುತ್ತದೆ. ನೂಲೇ ಆಗಬೇಕು. ಅಕ್ಕ ಇಲ್ಲಿಂದ ಒಂದು ಉಂಡೆ ಬೀಡಿ ನೂಲು ತೆಗೆದುಕೊಂಡು ಹೋಗಿದ್ದಳು. ಮೇಲಿನವರು ನಕ್ಕರಂತೆ. ಅವಳು ಅದನ್ನು ಸ್ಪಿರಿಟ್ಟಿನಲ್ಲಿ ತೊಳೆದು ಬಣ್ಣ ಬಿಡಿಸಿ, ಲ್ಯಾಬಿನ ಓವನ್ನಿನಲ್ಲಿ ಒಣಗಿಸಿ, ಪರೀಕ್ಷೆ ಮಾಡಿಸಿ ಒಪ್ಪಿಗೆ ಪಡೆದಳು. ಮೊದಲ ಸಲ ಕಟ್ಟಿದ್ದು ಮಾತ್ರ ನಮ್ಮ ಜಗಲಿಯ ಬುದ್ಧಿಯಿಂದ. ಬೀಡಿಯ ಎಲೆ ಒಣಗಿದಾಗ ಕುಗ್ಗುತ್ತದೆ, ಆದ್ದರಿಂದ ನಾವು ಬಿಗಿಯಾಗಿ ಕಟ್ಟುವುದು. ಅಲ್ಲಿ ತಣ್ಣಗಾದಾಗ ಕುಗ್ಗುವುದು ತಂತಿ. ಅದಕ್ಕೆ ಸರಿಯಲು ಜಾಗ ಬೇಕು. ಮಾರನೆಯ ಬೆಳಿಗ್ಗೆ ನೋಡಿದರೆ ಎರಡು ತಂತಿ ತುಂಡಾಗಿದ್ದವು. “ಅಷ್ಟು ದೊಡ್ಡ ಟೆಲಿಸ್ಕೋಪನ್ನು ಒಂದು ದಿನ ಕುರುಡು ಮಾಡಿದ್ದು ಅಮ್ಮನ ಪಾಠ” ಎಂದು ಪ್ರತಿ ರಜೆಯಲ್ಲೂ ಹೇಳಿ ನಗುತ್ತಿದ್ದಳು. ಅವಳು ನಗುತ್ತಿದ್ದ ವಿಷಯಗಳು ಕಡಿಮೆ, ಇದು ಅದರಲ್ಲಿ ಒಂದು.

ಕೇಳಿದ ಪಕ್ಕದ ಮನೆಯವಳು, “ಅಲ್ಲ ಮಾರಾಯ್ತಿ, ಇಷ್ಟು ಓದಿ ನೀನು ಆಕಾಶಕ್ಕೆ ಬೀಡಿ ಕಟ್ಟಲಿಕ್ಕೆ ಹೋದದ್ದಾ?” ಎಂದು ಕೇಳಿದ್ದಳು.

ಕೊನೆಯ ಎಂಟು ತಿಂಗಳು ಅಕ್ಕ ಮನೆಯಲ್ಲಿದ್ದಳು. ಹೊಟ್ಟೆಯ ಕಾಯಿಲೆ. ಮಂಗಳೂರಿನ ಆಸ್ಪತ್ರೆಗೆ ರಾಜ್ಯದ ಗಡಿ ತಲಪಾಡಿ ದಾಟಿ ಹೋಗಿ ಬರುವುದು, ಉಳಿದ ದಿನ ಜಗಲಿಯ ಪ್ಲಾಸ್ಟಿಕ್ ಕುರ್ಚಿ. ಆರು ಪಥದ ಹೆದ್ದಾರಿಯ ಸದ್ದು ಹಗಲಿಡೀ ಕೇಳುತ್ತಿತ್ತು. ನಾನು ಶಾಲೆಗೆ ಹೋಗುವ ಮೊದಲು ಗಂಜಿ ಕೊಡುತ್ತಿದ್ದೆ. ಅವಳು ಗಂಜಿಗಿಂತ ಮೊದಲು ಫೋನು ನೋಡುತ್ತಿದ್ದಳು. ಅವಳು ಜೋಡಿಸಿದ ಪೆಟ್ಟಿಗೆಗಳಲ್ಲಿ ಇನ್ನೂ ಟೆಲಿಸ್ಕೋಪಿನ ಮೇಲೆ ಉಳಿದದ್ದು ಈಗ ಕೆಟ್ಟಿರುವ ಅದೊಂದೇ. ಉಳಿದವುಗಳ ಜಾಗಕ್ಕೆ ಹೊಸ ನಮೂನೆಯವು ಬಂದಿದ್ದವು. ಆ ಪೆಟ್ಟಿಗೆಯ ಎರಡು ದಾರಿಗಳಲ್ಲಿ ಅದರ ಸ್ವಂತ ಸದ್ದು ಎಷ್ಟಿದೆ ಎಂದು ಅಲ್ಲಿಯ ಕಂಪ್ಯೂಟರು ದಿನಾ ಬೆಳಿಗ್ಗೆ ಎರಡು ಸಂಖ್ಯೆ ಕಳಿಸುತ್ತಿತ್ತು. ಕಡಿಮೆ ಇದ್ದಷ್ಟು ಒಳ್ಳೆಯದು. ಅಕ್ಕ ನೋಡಿ, “ಆಗ್ಬಹುದು” ಎಂದು ಫೋನು ಬದಿಗಿಟ್ಟು ಚಮಚ ಹಿಡಿಯುತ್ತಿದ್ದಳು.

ಅವಳು ಹೋದ ಮೇಲೆ ಆ ಮೆಸೇಜು ಹೋಗುವವರ ಪಟ್ಟಿಯಿಂದ ಅವಳ ನಂಬರನ್ನು ಯಾರೂ ತೆಗೆಯಲಿಲ್ಲ. ನಾನು ಅವಳ ಫೋನನ್ನು ಚಾರ್ಜಿಗೆ ಹಾಕುತ್ತಲೇ ಇದ್ದೆ. ಬೆಳಿಗ್ಗೆ ಮೆಸೇಜು ಬರುತ್ತಿತ್ತು, ನಾನೂ ಎರಡು ಸಂಖ್ಯೆ ನೋಡಿ ಒಲೆ ಹೊತ್ತಿಸುತ್ತಿದ್ದೆ. ಅವಳ ಬಟ್ಟೆ ಕೊಟ್ಟಾಗಿತ್ತು, ಮದ್ದಿನ ಡಬ್ಬಿ ಎಸೆದಾಗಿತ್ತು. ಆದರೆ ಅವಳ ಕೈಯಿಂದ ಆದ ಒಂದು ವಸ್ತು ಎಲ್ಲಿಯೋ ಎತ್ತರದಲ್ಲಿ ಇನ್ನೂ ಕೆಲಸ ಮಾಡುತ್ತಿದೆ ಎಂಬುದು ನನಗೆ ದಿನವೂ ಗೊತ್ತಾಗುತ್ತಿತ್ತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಎರಡನೆಯ ಸಂಖ್ಯೆ ಸ್ವಲ್ಪ ಸ್ವಲ್ಪವೇ ಏರುತ್ತಿದ್ದುದನ್ನೂ ನೋಡಿದ್ದೆ. ಹಿಂದೆ ಆಸ್ಪತ್ರೆಯ ರಿಪೋರ್ಟಿನಲ್ಲಿ ಏರುವ ಸಂಖ್ಯೆ ನೋಡಿಯೂ ಹೀಗೇ ಸುಮ್ಮನಿದ್ದೆ.

ಆದ್ದರಿಂದ ಫೋನಿನಲ್ಲಿ ಗೊತ್ತಿಲ್ಲ ಎಂದದ್ದು. ಬಿಚ್ಚಲು ಬಾರದಿದ್ದರೆ ಹಾಗೆಯೇ ಮುಚ್ಚಿ ಮೇಲೆ ಇಡುತ್ತಾರೆ ಎಂಬ ಒಂದು ದಡ್ಡ ಯೋಚನೆ ನನ್ನದು. ಆದರೆ ಇಂಜಿನಿಯರ್ ಹೇಳಿದ್ದು ಬೇರೆ. ಹಾಗಾದರೆ ಗುರುವಾರ ಬ್ಲೇಡಿನಿಂದ ಕತ್ತರಿಸುತ್ತೇವೆ, ನೂಲಿಗೂ ತಂತಿಗೂ ನಡುವೆ ಬ್ಲೇಡು ತೂರುವಷ್ಟು ಸಂದಿಲ್ಲ, ಒಂಬತ್ತು ಸಲ ಬ್ಲೇಡು ಹೋಗುವಾಗ ತಂತಿ ತುಂಡಾಗದೆ ಇರುವುದು ಕಷ್ಟ. ತುಂಡಾದರೆ ಈ ಹಳೆಯ ಪೆಟ್ಟಿಗೆಯನ್ನು ಮತ್ತೆ ಸರಿಮಾಡುವುದಿಲ್ಲ, ಗೋಡೌನಿಗೆ ಹಾಕುತ್ತಾರೆ ಎಂದಳು. ಬೇಜಾರಿನಿಂದಲೇ ಹೇಳಿದಳು.

ಮರುದಿನ ಬೆಳಿಗ್ಗೆ ಅಕ್ಕನ ಫೋನಿಗೆ ಮೆಸೇಜು ಬಂತು. ತಾರೀಕು ಇತ್ತು. ಸಂಖ್ಯೆ ಇರಬೇಕಾದ ಎರಡು ಕಡೆಯೂ ಬರೀ ಗೆರೆ.

ಸಂಜೆ ಪಕ್ಕದ ಮನೆಗೆ ಹೋದೆ. ಅವಳ ಗಂಡ ದುಬೈಯಲ್ಲಿ, ಮದುವೆಯಾದ ಮೇಲೂ ಅವಳು ತಾಯಿಮನೆಯಲ್ಲೇ ಉಳಿದಿದ್ದಾಳೆ. ಹಿತ್ತಿಲಲ್ಲಿ ಕೂತು ಬಂಗುಡೆ ಹಸನು ಮಾಡುತ್ತಿದ್ದಳು. ಎಲ್ಲವನ್ನೂ ಹೇಳಿದೆ, ಸುಳ್ಳು ಹೇಳಿದ್ದನ್ನೂ. ಅವಳು ಮೀನು ಬಿಡಲಿಲ್ಲ.

“ಬಿಚ್ಚಿದರೆ ಎಂತ ಆಗ್ತದೆ?”

“ಅಕ್ಕ ಕಟ್ಟಿದ್ದು ಹೋಗ್ತದೆ.”

“ಬಿಚ್ಚದಿದ್ದರೆ?”

“ಬ್ಲೇಡ್ ಹಾಕ್ತಾರೆ.”

ಅವಳು ಮತ್ತೆರಡು ಬಂಗುಡೆಯ ತಲೆ ತೆಗೆದಳು. “ನಿನ್ನ ಅಮ್ಮ ಆ ಕಟ್ಟು ಕಟ್ಟಿದ್ದೇ ಬಿಚ್ಚಲಿಕ್ಕೆ ಅಲ್ವಾ?” ಎಂದಳು. ಮೀನನ್ನು ನೀರಿಗೆ ಹಾಕಿ, “ನಾಳೆ ಇಲ್ಲಿಂದಲೇ ಮಾತಾಡು. ನಿನ್ನ ಫೋನಲ್ಲಿ ಮುಖ ಕಾಣುವಷ್ಟರಲ್ಲಿ ಗುರುವಾರ ಆಗ್ತದೆ. ನಮ್ಮಲ್ಲಿ ವೈಫೈ ಉಂಟು” ಎಂದಳು.

ಬುಧವಾರ ಶಾಲೆ ಬಿಟ್ಟ ಮೇಲೆ ಅವಳ ಜಗಲಿಯಲ್ಲಿ ಕೂತು ಇಂಜಿನಿಯರಿಗೆ ಫೋನು ಮಾಡಿದೆ. ಮೊದಲು ಹೇಳಬೇಕಾದದ್ದನ್ನು ಮೊದಲು ಹೇಳಿದೆ. ಅವತ್ತು ಸುಳ್ಳು ಹೇಳಿದೆ, ಆ ಕಟ್ಟು ನಮ್ಮ ಅಮ್ಮನದು, ನನಗೆ ಗೊತ್ತುಂಟು ಎಂದೆ. ಅವಳು ಯಾಕೆ ಎಂದು ಕೇಳಲಿಲ್ಲ. “ಒಂದ್ನಿಮಿಷ ಇರಿ, ವೀಡಿಯೋ ಮಾಡ್ತೀನಿ” ಎಂದಳು.

ಮುಖ ಕಾಣಲಿಲ್ಲ. ಫೋನನ್ನು ಎಲ್ಲಿಯೋ ಮೇಲೆ ಸಿಕ್ಕಿಸಿದ್ದಳು, ಅದರಲ್ಲಿ ಕಂಡದ್ದು ಬಿಳಿ ಕೈಗವಸು ಹಾಕಿದ ಎರಡು ಕೈ, ಒಂದು ಮಣಿಕಟ್ಟಿನಿಂದ ಮೇಜಿಗೆ ಹೋಗುವ ಸುರುಳಿ ವಯರು, ಅವುಗಳ ನಡುವೆ ಮುಚ್ಚಳ ತೆಗೆದ ಪಾತ್ರೆ. ಅಕ್ಕನ ಪೆಟ್ಟಿಗೆಯ ಒಳಗನ್ನು ನಾನು ನೋಡಿದ್ದು ಅದೇ ಮೊದಲು. ಚಿನ್ನದ ಬಣ್ಣದ ತಟ್ಟೆ, ಅದರ ಮೇಲೆ ಬಾಚಿದ ಹಾಗೆ ಒಂದೇ ಕಡೆಗೆ ಹೋಗುವ ತಂತಿಗಳು, ಸಮದೂರದಲ್ಲಿ ನೂಲಿನ ಕಟ್ಟು. ಬಣ್ಣ ಹೋಗಿ ನೂಲು ಬೆಳ್ಳಗಾಗಿತ್ತು. ಅಮ್ಮ ಇದ್ದಿದ್ದರೆ ಬೆರಳಲ್ಲಿ ಒತ್ತಿ ನೋಡದೆಯೇ ಪಾಸು ಮಾಡುತ್ತಿದ್ದಳು.

ಮೊದಲ ಸುತ್ತಿನ ಅಡಿಯಲ್ಲಿ ಬಾಲ ಇರುತ್ತದೆ, ಹುಡುಕಿ ಎಂದೆ. ಅವಳು ಚಿಮುಟದಲ್ಲಿ ಹುಡುಕಿದಳು. ಸಿಕ್ಕಿತು. ಬಲಕ್ಕೆ, ನಿಧಾನ ಎಂದೆ. ಕಟ್ಟು ಸಡಿಲವಾಯಿತು. ಅವಳು ಉಸಿರು ಬಿಟ್ಟದ್ದು ಇಲ್ಲಿಗೆ ಕೇಳಿಸಿತು. ಎರಡನೆಯದು, ಮೂರನೆಯದು. ನಾಲ್ಕನೆಯದರ ಹೊತ್ತಿಗೆ ನಾನು ಹೇಳುವ ಅಗತ್ಯ ಇರಲಿಲ್ಲ. ಬಿಚ್ಚಿದ ನೂಲನ್ನು ಅವಳು ಒಂದು ಗಾಜಿನ ತಟ್ಟೆಯಲ್ಲಿ ಇಡುತ್ತಾ ಹೋದಳು. ಅಲ್ಲಿ ಯಾವುದೋ ಪಂಪು ಓಡುವ ಸದ್ದು, ಇಲ್ಲಿ ಹೆದ್ದಾರಿಯ ಸದ್ದು. ಪ್ರತಿ ಕಟ್ಟು ಬಿಚ್ಚಿದಾಗಲೂ ತಂತಿಗಳು ಸ್ವಲ್ಪ ಮೇಲೆ ಏಳುತ್ತಿದ್ದವು. ನೋಡಲು ಕಷ್ಟವಾಗುತ್ತದೆ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಕೆಲಸ ನಡೆಯುತ್ತಿತ್ತು, ನೋಡುತ್ತಿದ್ದೆ.

ಒಂಬತ್ತನೆಯದು ಪಾತ್ರೆಯ ಮೂಲೆಯಲ್ಲಿತ್ತು. ಅವಳು ಬಾಲ ಹಿಡಿದಳು. “ಬಲಕ್ಕೇ ಅಲ್ವಾ?” ಎಂದಳು. ಹೌದು ಎಂದೆ. ಎಳೆದಳು. ನೂಲು ಬಿಗಿದುಕೊಂಡಿತು.

“ಇದು ಬರ್ತಿಲ್ಲ.”

ಇನ್ನೂ ಸ್ವಲ್ಪ ಎಂದೆ. ಎಳೆದಳು. ಮೂರು ಸುತ್ತೂ ತಂತಿಗಳನ್ನು ಕಚ್ಚಿ ಹಿಡಿದವು, ಒಂದು ತಂತಿ ಬಾಗಿದ್ದು ನನಗೆ ಇಲ್ಲಿಂದಲೇ ಕಂಡಿತು. ನಿಲ್ಲಿಸಿ ಎಂದೆ. ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದೆ. ಉಳಿದವುಗಳ ಹಾಗಲ್ಲ, ಸುತ್ತುಗಳು ಬಲದಿಂದ ಎಡಕ್ಕೆ ಹೋಗಿದ್ದವು.

ಪಕ್ಕದ ಮನೆಯವಳು ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದಳು. ನನಗಿಂತ ಮೊದಲು ಹೇಳಿದ್ದು ಅವಳೇ. “ಇದು ನಿನ್ನ ಬೀಡಿ.”

ನನ್ನದೇ ಕಟ್ಟು. ಮೂವತ್ತು ವರ್ಷದ ಹಿಂದೆ ನಾನು ಬಿಟ್ಟದ್ದು. ಬಾಲ ಎಡಕ್ಕೆ ಎಳೆಯಬೇಕಾಗಿದ್ದದ್ದು. ಇಂಜಿನಿಯರ್ ಆ ಮೂಲೆಯನ್ನು ತೋರಿಸಿದಳು. ಅಲ್ಲಿ ಪಾತ್ರೆಯ ಗೋಡೆ ಅಡ್ಡ ಬರುತ್ತದೆ, ಬಲಗೈ ಒಳಗೆ ಹೋಗುವುದಿಲ್ಲ, ಎಡಗೈಯಲ್ಲೇ ಕಟ್ಟಬೇಕು ಎಂದಳು. ಅಷ್ಟೇ ಇರಬಹುದು. ಎಡಗೈಯಲ್ಲಿ ಹೇಗೆ ಕಟ್ಟುವುದು ಎಂದು ಅಲ್ಲಿ ಕೂತು ಅಕ್ಕ ಯೋಚಿಸಿರಬೇಕು. ಆಗ ನೆನಪಾದದ್ದು ಅವಳು ಜಗಲಿಯಲ್ಲಿ ನೋಡಿದ್ದ ನನ್ನ ಕೈ. ಅವಳು ಪುಸ್ತಕದಿಂದ ತಲೆ ಎತ್ತಿ ನೋಡಿದ್ದು ಯಾವಾಗ ಎಂದು ನನಗೆ ಗೊತ್ತಿಲ್ಲ. ಸುತ್ತು, ಬಾಲ ತೂರಿಸುವ ಕಡೆ, ಎಲ್ಲವೂ ಸರಿಯಾಗಿತ್ತು. ನಾನೇ ಗುರುತು ಹಿಡಿಯದೆ ಹೋದೆ.

ಎಡಕ್ಕೆ ಎಳೆದು ನೋಡಿದಳು. ಸೂಜಿ ಹಾಕಿ ನೋಡಿದಳು. ಬಿಗಿದದ್ದು ಬಿಡಲಿಲ್ಲ, ಸೂಜಿ ತಾಗಿದಾಗಲೆಲ್ಲ ತಂತಿ ಇನ್ನಷ್ಟು ಬಾಗುತ್ತಿತ್ತು. ಕೆಟ್ಟ ಭಾಗಕ್ಕೆ ಹೋಗುವ ತಂತಿಯೂ ಅದರ ಅಡಿಯಲ್ಲೇ ಇತ್ತು.

“ಏನ್ಮಾಡ್ಲಿ?” ಎಂದಳು.

ಅದು ಅವಳ ಪೆಟ್ಟಿಗೆ, ಅವಳ ಕೆಲಸ. ಆದರೂ ಕೇಳಿದಳು.

“ಕತ್ತರಿಸಿ” ಎಂದೆ. “ಮೇಲಿನ ಸುತ್ತು ಒಂದೇ. ಬ್ಲೇಡಿನ ಬಾಯಿ ಹೊರಗೆ ಇರಲಿ.”

ಬ್ಲೇಡು ಬಂತು. ಅವಳ ಕೈ ಒಮ್ಮೆ ಹಿಂದೆ ಸರಿದು ಮತ್ತೆ ಬಂತು. ನೂಲು ಹಾರಿತು, ಎರಡು ತುದಿಗಳು ಬಿಡಿಸಿಕೊಂಡವು. ಅವಳು ತಂತಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಎಲ್ಲ ಸರಿಯಿವೆ ಎಂದಳು. ಕೆಟ್ಟ ಭಾಗವನ್ನು ಎತ್ತಿ ತೋರಿಸಿದಳು. ಬೆಂಕಿಪೆಟ್ಟಿಗೆಗಿಂತ ಚಿಕ್ಕದು. ಗಾಜಿನ ತಟ್ಟೆಯಲ್ಲಿದ್ದ ನೂಲನ್ನು ಅಂಚೆಯಲ್ಲಿ ಕಳಿಸಲೇ ಎಂದು ಕೇಳಿದಳು. ಬೇಡ ಎಂದೆ. ಹಾಗೆ ಹೇಳಿದ್ದು ಸರಿಯೋ ತಪ್ಪೋ ನನಗೆ ಈಗಲೂ ಗೊತ್ತಿಲ್ಲ. ಆ ಹೊತ್ತಿನಲ್ಲಿ ಬಾಯಿಗೆ ಬಂದದ್ದು ಅದು.

ಪಕ್ಕದ ಮನೆಯವಳು ಚಾ ತಂದಿಟ್ಟಳು. ಕುಡಿದು ಮನೆಗೆ ಬಂದೆ. ಬೀಗ ತೆಗೆದು ಒಳಗೆ ಹೋದ ಮೇಲೆ, ಅಕ್ಕನಿಗೆ ಇದನ್ನು ಹೇಳಬೇಕು ಎಂಬ ಯೋಚನೆ ಬಂತು. ಭಾನುವಾರದ ಫೋನಿಗೆ ಇಷ್ಟು ಒಳ್ಳೆಯ ವಿಷಯ ಯಾವತ್ತೂ ಸಿಕ್ಕಿರಲಿಲ್ಲ.

ಮೂರು ವಾರ ಬಿಟ್ಟು ಬೆಳಿಗ್ಗೆ ಇಂಜಿನಿಯರ್ ಫೋನು ಮಾಡಿದಳು. ಆಗ ನಾನು ಶಾಲೆಯಲ್ಲಿ ಒಲೆ ಹಚ್ಚಿಯಾಗಿತ್ತು. ಹೊಸ ಭಾಗ ಹಾಕಿದ್ದೇವೆ, ತಂತಿ ನಾನೇ ಕಟ್ಟಿದೆ, ಪೆಟ್ಟಿಗೆಯನ್ನು ನಿನ್ನೆ ಮೇಲೆ ಏರಿಸಿದೆವು, ಎರಡೂ ದಾರಿ ಚೆನ್ನಾಗಿವೆ ಎಂದಳು. ಒಳ್ಳೆಯದಾಯಿತು ಎಂದೆ. ಇನ್ನೇನು ಕೇಳುವುದೆಂದು ತಿಳಿಯದೆ, ಇವತ್ತು ಎಂತ ನೋಡ್ತಿದ್ದೀರಿ ಎಂದು ಕೇಳಿದೆ.

“ಇವತ್ತು ಏನೂ ಇಲ್ಲದ ಕಡೆ” ಎಂದಳು.

ರಿಪೇರಿಯಾದ ಮೇಲೆ ಮೊದಲು ಬಟ್ಟಲನ್ನು ನಕ್ಷತ್ರವೂ ಏನೂ ಇಲ್ಲದ ಆಕಾಶದ ಕಡೆಗೆ ತಿರುಗಿಸಿ ಇಡುತ್ತಾರಂತೆ. ಆಗ ಕೇಳುವುದು ಹೆಚ್ಚಿನದೆಲ್ಲ ಪೆಟ್ಟಿಗೆಯದೇ ಸದ್ದು. ಅದು ಎಷ್ಟೆಂದು ಸರಿಯಾಗಿ ಗೊತ್ತಾದರೆ ಮಾತ್ರ ಆಮೇಲೆ ಬರುವುದರಲ್ಲಿ ತನ್ನದೆಷ್ಟು, ಹೊರಗಿನದೆಷ್ಟು ಎಂದು ಹೇಳಬಹುದು. ಸಂಜೆಯವರೆಗೂ ಅದೇ ಕೆಲಸ ಎಂದಳು.

ಏನೂ ಇಲ್ಲದ ಕಡೆ ಎಂದು ಮೊದಲೇ ಹೇಗೆ ಗೊತ್ತಾಗುತ್ತದೆ ಎಂದು ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಎಸರು ಕುದಿಯಿತು. ಮಕ್ಕಳಿಗೆ ಹೊತ್ತಾಗುತ್ತದೆ, ಇಡುತ್ತೇನೆ ಎಂದು ಹೇಳಿ ಅಕ್ಕಿ ತೊಳೆಯಲು ಹೋದೆ.